54 ಅಕ್ಷರಗಳ ಬೆನ್ನು ಹತ್ತಿ

ಕತ್ತಲ ಕೋಣೆಯಲ್ಲಿ ಯುವಿ ದೀಪದ ಮೇಲೆ, ಡಿಎನ್‌ಎ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಇಟ್ಟರೆ ಎರಡು ಗೆರೆ ಹೊಳೆಯಬೇಕು. ಮೇಲಿನದು ಉದ್ದ ತುಣುಕು, ಕೆಳಗಿನದು ಗಿಡ್ಡ ತುಣುಕು. ನಡುವಿನ ವ್ಯತ್ಯಾಸ ಬರೀ 54 ಡಿಎನ್‌ಎ ಅಕ್ಷರ. ಎರಡರಲ್ಲಿ ಯಾವುದು ದಪ್ಪ ಎಂದು ಅಳೆಯುವುದರಲ್ಲೇ ನನ್ನ ಪಿಎಚ್‌ಡಿಯ ಮೊದಲ ವರ್ಷ ಕಳೆದುಹೋಯಿತು.

ನಾನು ರೋಗಿಗಳನ್ನು ನೋಡುವ ಡಾಕ್ಟರಲ್ಲ. ಜೀನಿನ ಆರ್‌ಎನ್‌ಎ ನಕಲಿನಿಂದ ಬೇಡದ ಇಂಟ್ರಾನ್‌ಗಳನ್ನು ಕತ್ತರಿಸಿ ಬೇಕಾದ ಎಕ್ಸಾನ್‌ಗಳನ್ನು ಜೀವಕೋಶ ಹೇಗೆ ಹೊಲಿಯುತ್ತದೆ ಅನ್ನುವುದು ನನ್ನ ವಿಷಯ. ಸ್ಪ್ಲೈಸಿಂಗ್ ಅಂತಾರೆ. 1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಇದನ್ನು ಕಂಡದ್ದು ಅಡಿನೊವೈರಸ್‌ನಲ್ಲಿ. ಅವರು ಯಾವ ಆನುವಂಶಿಕ ಕಾಯಿಲೆಗೂ ಮದ್ದು ಹುಡುಕುತ್ತಿರಲಿಲ್ಲ.

ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಎಂಬ ಆನುವಂಶಿಕ ಕಾಯಿಲೆಯಲ್ಲಿ ಸ್ನಾಯುಗಳನ್ನು ಆಡಿಸುವ ಬೆನ್ನುಹುರಿಯ ನರಕೋಶಗಳು ಸಾಯುತ್ತಾ ಹೋಗುತ್ತವೆ. ಕಾರಣವಾದ ಎಸ್‌ಎಂಎನ್1 ಜೀನ್ ಸಿಕ್ಕಿದ್ದು 1995ರಲ್ಲಿ. ಅದೇ ವರ್ಣತಂತುವಿನಲ್ಲಿ ಅದರ ಅವಳಿಯೊಂದಿದೆ, ಎಸ್‌ಎಂಎನ್2. ರೋಗಿಗಳಲ್ಲಿ ಎಸ್‌ಎಂಎನ್1 ಕೆಟ್ಟರೂ ಈ ಅವಳಿ ಉಳಿದಿರುತ್ತದೆ. ಆದರೆ ಇದರ ಏಳನೇ ಎಕ್ಸಾನ್‌ನಲ್ಲಿ ಒಂದು 'ಸಿ' ಇರಬೇಕಾದ ಕಡೆ 'ಟಿ' ಇದೆ. ಇದರಿಂದ ಅಮೈನೊ ಆಮ್ಲವೇನೂ ಬದಲಾಗುವುದಿಲ್ಲ, ಮೇಲ್ನೋಟಕ್ಕೆ ನಿರುಪದ್ರವಿ ಅಕ್ಷರ. ಆದರೂ ಅದೊಂದರ ದೆಸೆಯಿಂದ ಕೋಶ ಬಹಳಷ್ಟು ಸಲ ಇಡೀ ಏಳನೇ ಎಕ್ಸಾನನ್ನೇ ಬಿಟ್ಟು ಹೊಲಿದುಬಿಡುತ್ತದೆ, ಹಾಗೆ ಹುಟ್ಟಿದ ಪ್ರೋಟೀನ್ ಬಾಳುವುದಿಲ್ಲ. ನನ್ನ ಆ 54 ಅಕ್ಷರ ಇವೇ.

ನಮ್ಮ ಲ್ಯಾಬಿನಲ್ಲಿ ಹೊಸಬರು ಕೈ ಪಳಗಿಸಿಕೊಳ್ಳುವುದು ಇದರ ಮೇಲೆ. ಎಕ್ಸಾನ್ 6ರಿಂದ 8ರವರೆಗಿನ ಎಸ್‌ಎಂಎನ್2 ತುಂಡನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಕ್ಕೆ ಸೇರಿಸಿ, ತಟ್ಟೆಯಲ್ಲಿ ಬೆಳೆಸಿದ ಮನುಷ್ಯ ಕೋಶಗಳಿಗೆ ಹಾಕಿ, ಮರುದಿನ ಆರ್‌ಎನ್‌ಎ ತೆಗೆದು, ಅದರ ಡಿಎನ್‌ಎ ಪ್ರತಿಯನ್ನು ಜೆಲ್‌ನಲ್ಲಿ ಓಡಿಸಿದೆ. ಮೇಲಿನ ಗೆರೆಯೇ ದಪ್ಪ! ಎಂಟು ವಾರ ಏನು ಬದಲಾಯಿಸಿದರೂ ಅದೇ. ಎಕ್ಸಾನ್ ಬಿಡುವುದೇ ಇಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ, ಏನೋ ಹೊಸದು ಸಿಕ್ಕಿತೆಂದು.

ನನ್ನ ಗೈಡ್ ಮೇಡಂ ಜೆಲ್ ಫೋಟೊ ನೋಡಿ ಕೇಳಿದ್ದು ಒಂದೇ ಮಾತು: "ಪ್ಲಾಸ್ಮಿಡ್ ಹಾಕದ ಕೋಶ ಎಲ್ಲಿ?"

ಹಾಕಿರಲಿಲ್ಲ. ಅಂದೇ ಓಡಿಸಿದರೆ ಅಲ್ಲೂ ಅದೇ ಗೆರೆ, ಅಷ್ಟೇ ದಪ್ಪ. ಆ ಕೋಶಗಳಲ್ಲಿ ಅವುಗಳದ್ದೇ ಆರೋಗ್ಯವಂತ ಎಸ್‌ಎಂಎನ್1 ಇರುತ್ತದಲ್ಲ, ಯಾವ ತುಣುಕಿನ ಪ್ರತಿ ತೆಗೆಯಬೇಕೆಂದು ಗುರುತು ಹಾಕುವ ಪುಟ್ಟ ಎಳೆಗಳಾದ ನನ್ನ ಪ್ರೈಮರ್‌ಗಳು ಅದನ್ನೇ ಹಿಡಿಯುತ್ತಿದ್ದವು. ಒಂದು ಪ್ರೈಮರನ್ನು ಪ್ಲಾಸ್ಮಿಡ್‌ನಲ್ಲಿ ಮಾತ್ರ ಇರುವ ಬಾಲದ ಮೇಲೆ ಕೂರಿಸಿದ ಮೇಲೆ ಕೆಳಗಿನ ಗೆರೆ ದಪ್ಪವಾಗಿ ಎದ್ದಿತು. ಅವಮಾನವಾಗಿತ್ತು, ನಿರಾಳವೂ ಆಯಿತು.

ಆಮೇಲೆ ಏಳನೇ ಇಂಟ್ರಾನ್‌ನ ಆರಂಭದ ಬಳಿಯಿರುವ 15 ಅಕ್ಷರಗಳನ್ನು ಅಳಿಸಿ ನೋಡಿದೆ. ಎಕ್ಸಾನ್ ಸೇರದಂತೆ ತಡೆಯುವ ಜಾಗ ಅದು, 2006ರಲ್ಲೇ ಬೇರೆಯವರು ಪ್ರಕಟಿಸಿದ್ದು. ನಾನು ಹೊಸದೇನೂ ಕಂಡುಹಿಡಿಯಲಿಲ್ಲ. ಆದರೆ ಕೆಳಗಿನ ಗೆರೆ ಮಸುಕಾಗಿ ಮೇಲಿನದು ತುಂಬಿಕೊಂಡದ್ದನ್ನು ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಈ ಕಾಯಿಲೆಯ ಮದ್ದು ನುಸಿನರ್ಸೆನ್ ಮಾಡುವುದು ಇಷ್ಟನ್ನೇ: 18 ಅಕ್ಷರಗಳ ಕೃತಕ ಎಳೆಯೊಂದು ಆ ಜಾಗದ ಮೇಲೆ ಹೋಗಿ ಕೂತು ತಡೆಯನ್ನು ಮುಚ್ಚುತ್ತದೆ. ಅಮೆರಿಕದಲ್ಲಿ 2016ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು.

"ಜೀನ್ ರಿಪೇರಿ ಮಾಡುವ ಮದ್ದು" ಎಂದು ಇದನ್ನು ಬರೆದಾಗ ನನಗೆ ಸಿಟ್ಟು ಬರುತ್ತದೆ. ಜೀನ್ ಹೇಗಿತ್ತೋ ಹಾಗೇ ಇರುತ್ತದೆ, ಅದನ್ನು ಓದುವ ರೀತಿಯಷ್ಟೇ ಬದಲಾಗುವುದು. ಅದಕ್ಕೇ ಮೊದಲ ನಾಲ್ಕು ಡೋಸ್ ಮುಗಿದ ಮೇಲೂ ನಾಲ್ಕು ತಿಂಗಳಿಗೊಮ್ಮೆ ಬೆನ್ನುಹುರಿಯ ದ್ರವಕ್ಕೆ ಚುಚ್ಚಬೇಕು. ಸತ್ತ ನರಕೋಶಗಳು ಮರಳುವುದಿಲ್ಲ, ಲಕ್ಷಣ ಕಾಣುವ ಮೊದಲೇ ಶುರುಮಾಡಿದ ಮಕ್ಕಳಲ್ಲಿ ಫಲ ಹೆಚ್ಚು.

ನಾನೀಗ ಬೇರೊಂದು ಜೀನಿನ ಹಿಂದೆ ಬಿದ್ದಿದ್ದೇನೆ. ಪ್ರತಿ ಜೆಲ್‌ನ ಮೊದಲ ಗುಳಿಯೊಳಗೆ ಪ್ಲಾಸ್ಮಿಡ್ ಹಾಕದ ಕೋಶದ ಸ್ಯಾಂಪಲ್ಲೇ ಹೋಗುತ್ತದೆ.