ಎರಿ ಮಣ್ಣಿನ ಊರಲ್ಲಿ ವಾಲಿಬಾಲ್ ಅಂಕಣ

ಹುಡುಗರ ಆಟಕ್ಕೆ ಖರ್ಚು ಅಂದ ಕೂಡಲೇ ಊರವರು ಬೂಟು, ಜೆರ್ಸಿಯ ಲೆಕ್ಕ ಹಾಕುತ್ತಾರೆ. ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯಂಥ ಎರಿ (ಕಪ್ಪು ಜಿಗುಟು ಮಣ್ಣಿನ) ಸೀಮೆಯಲ್ಲಿ ದುಡ್ಡು ಮೊದಲು ಹೋಗಬೇಕಾದದ್ದು ನೆಲಕ್ಕೆ. ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಪಾದ ಸಿಕ್ಕಿ ಉಳುಕುವಷ್ಟು ಬಿರಿಯುತ್ತದೆ. ತಲೆಗೊಂದು ಸಾಮಾನು ಕೇಳುವ ಕ್ರಿಕೆಟ್ ಬಿಟ್ಟು, ಹನ್ನೆರಡು ಮಂದಿಗೆ ಒಂದೇ ಚೆಂಡು ಸಾಕಾಗುವ ವಾಲಿಬಾಲ್ ಹಿಡಿದೆವು. ಅದೇ ನೆಲದಲ್ಲಿ ಕಬಡ್ಡಿಯೂ ನಡೆಯುತ್ತದೆ.

ಅಂಕಣ 18 × 9 ಮೀಟರ್. ಸುತ್ತ 3 ಮೀಟರ್ ಬಿಟ್ಟರೆ 24 × 15. ಮೇಲಿನ 15 ಸೆಂ.ಮೀ. ಎರಿಯನ್ನು ಕರಿಕೆ, ಬೇರಿನ ಸಮೇತ ತೆಗೆದು ಮುರುಂ (ಗರಸು ಮಣ್ಣು) ತುಂಬಿದೆವು. ಲೆಕ್ಕಕ್ಕೆ ಅದು 54 ಘನ ಮೀಟರ್, ಅಂದರೆ 19 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ). ಆದರೆ ಸಡಿಲ ಮುರುಂ ರೂಲು (ರೋಲರ್) ಹೊಡೆದಾಗ ಕಾಲು ಭಾಗದಷ್ಟು ಕುಗ್ಗುವುದರಿಂದ 25 ಬ್ರಾಸ್ ಬೇಕಾಯಿತು. ಟ್ರ್ಯಾಕ್ಟರಿನವರು ಒಂದು ಟ್ರಿಪ್ಪಿಗೆ ಒಂದು ಬ್ರಾಸ್ ಎನ್ನುತ್ತಾರೆ. ಟ್ರಾಲಿಗೆ ಟೇಪು ಹಿಡಿದು 100 ಘನ ಅಡಿ ಬರುತ್ತದೆಯೇ ನೋಡಿಯೇ ದುಡ್ಡು ಕೊಡಬೇಕು. ತೆಗೆದ ಎರಿಯನ್ನು ಪಕ್ಕದಲ್ಲಿ ಗುಡ್ಡೆ ಹಾಕಿದರೆ ಮಳೆನೀರು ಒಳಗೇ ನಿಲ್ಲುತ್ತದೆ. ಹೊಲಕ್ಕೆ ಬೇಕೆಂದವರಿಗೆ ಬಿಟ್ಟುಕೊಟ್ಟರೆ ಸಾಗಿಸುವ ಬಾಡಿಗೆಯೂ ಉಳಿಯಿತು.

ಮುರುಂ ಒಂದೇ ಸಲ ಸುರಿದು ರೂಲು ಹೊಡೆದರೆ ಮೇಲೆ ಮಾತ್ರ ಗಟ್ಟಿ, ಅಡಿಯಲ್ಲಿ ಟೊಳ್ಳು. ಎರಡು ಪದರ ಮಾಡಿ, ಸಂಜೆ ನೀರು ಹೊಡೆದು, ಬೆಳಿಗ್ಗೆ ಹಿಡಿ ಹಿಸುಕಿ ನೋಡಬೇಕು: ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು. ರೋಣಗಲ್ಲಿನಿಂದ (ಉರುಳಿಸುವ ಗುಂಡುಗಲ್ಲಿನಿಂದ) ರಾಶಿಯ ಕಣ ಮಾಡಿ ಗೊತ್ತಿರುವ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಂಜಿನಿಯರಿಗಿಂತ ಅವರೇ ವಾಸಿ. ಬರಿಗಾಲಲ್ಲಿ ಆಡುವ ಮಕ್ಕಳಿಗಾಗಿ ಕೊನೆಯ ಎರಡು ಸೆಂ.ಮೀ. ಜರಡಿ ಹಿಡಿದ ಸಣ್ಣ ಮುರುಂ ಹಾಕಿದೆವು. ಹೊರಾಂಗಣ ಅಂಕಣಕ್ಕೆ ಮೀಟರಿಗೆ 5 ಮಿ.ಮೀ. ಇಳಿಜಾರು ನಿಯಮದಲ್ಲೇ ಉಂಟು. ಉದ್ದಕ್ಕೆ ನಡುವೆ ಬೆನ್ನು ಮಾಡಿ, ಅಲ್ಲಿಂದ ಎರಡೂ ಬದಿಗೆ ಏಳೂವರೆ ಮೀಟರಿನಲ್ಲಿ ಸುಮಾರು 4 ಸೆಂ.ಮೀ. ಇಳಿಸಿದೆವು. ಗೌಂಡಿಯ ಲೆವೆಲ್ ಪೈಪ್ (ಮಟ್ಟ ನೋಡುವ ನೀರಿನ ಕೊಳವೆ) ಸಾಕು, ಕಣ್ಣಳತೆ ಬೇಡ. ಸುತ್ತಲಿನ ಕಾಲುವೆ ಒಂದೂವರೆ ಅಡಿ ಆಳ ಇರಬೇಕು. ಮುರುಮಿನ ತಳಕ್ಕಿಂತ ಮೇಲಿದ್ದರೆ ನೀರು ಬಸಿಯುವುದಿಲ್ಲ, ಅಡಿಯ ಎರಿ ಮತ್ತೆ ಉಬ್ಬುತ್ತದೆ. ಕಾಲುವೆ ಅಂಚಿಗೆ ಶಹಾಬಾದಿ ಫರ್ಸಿ (ಹಾಸುಗಲ್ಲು) ನಿಲ್ಲಿಸುವ ಚಪಲ ಬೇಡ, ಬಿದ್ದವರ ತಲೆ ಒಡೆಯುತ್ತದೆ.

ಕಂಬಕ್ಕೆ ಎರಡೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. 20 ಅಡಿಯ ಒಂದೇ ಪೈಪು ತಂದು ಅರ್ಧಕ್ಕೆ ಕೊಯ್ದರೆ ತಲಾ 3.05 ಮೀಟರ್: 60 ಸೆಂ.ಮೀ. ನೆಲದೊಳಗೆ, 2.45 ಮೀಟರ್ ಮೇಲೆ. ಪುರುಷರ ನೆಟ್ ನಡುವೆ 2.43 ಇರಬೇಕು, ತುದಿಯಲ್ಲಿ 2 ಸೆಂ.ಮೀ. ತನಕ ಹೆಚ್ಚಿರಬಹುದು. ಹಾಗಾಗಿ ಎರಡನೇ ಪೈಪಿನ ಖರ್ಚಿಲ್ಲ. ಹುಡುಗಿಯರಿಗೆ 2.24ಕ್ಕೆ, ಚಿಕ್ಕವರಿಗೆ 2.10ಕ್ಕೆ ಬೇರೆ ಕೊಕ್ಕೆ ಬೆಸೆಸಿದೆವು.

ಕಂಬವನ್ನು ನೇರ ಹೂಳಲಿಲ್ಲ. ಮೂರು ಇಂಚಿನ ಪೈಪಿನ 60 ಸೆಂ.ಮೀ. ತುಂಡು ಕಾಂಕ್ರೀಟಿನಲ್ಲಿ ಕೂರಿಸಿ, ಅದರೊಳಗೆ ಕಂಬ ಇಳಿಸುತ್ತೇವೆ. ಕಾರಣ ಕಬಡ್ಡಿ: ಬದಿಗೆರೆಯಿಂದ 75 ಸೆಂ.ಮೀ. ಆಚೆ ನಿಂತ ಕಂಬಗಳ ನಡುವೆ ಹತ್ತೂವರೆ ಮೀಟರ್ ಸಿಗುತ್ತದೆ, ಪುರುಷರ ಕಬಡ್ಡಿ ಅಂಕಣದ ಅಗಲವೇ 10. ಕಂಬ ತೆಗೆಯದಿದ್ದರೆ ರೇಡರ್ ಹೋಗಿ ಗುದ್ದುತ್ತಾನೆ. ಗುಂಡಿ 90 ಸೆಂ.ಮೀ. ಆಳ, ಬಾಯಿಗಿಂತ ತಳ ಅಗಲ. ಇಲ್ಲವಾದರೆ ಉಬ್ಬುವ ಎರಿ ಕಾಂಕ್ರೀಟನ್ನೇ ಮೇಲೆತ್ತುತ್ತದೆ. ತಳದಲ್ಲಿ ಖಡಿ (ಜಲ್ಲಿ) ಹಾಕಿ, ಹೊರ ಪೈಪಿನ ಬುಡಕ್ಕೆ ಒಂದು ಅಡ್ಡ ಸರಳು ಬೆಸೆಸಿದರೆ ಕಂಬ ಕುಸಿಯುವುದಿಲ್ಲ, ನೀರೂ ಇಳಿಯುತ್ತದೆ. 1:2:4 (ಸಿಮೆಂಟು, ಮರಳು, ಖಡಿ) ಕಾಂಕ್ರೀಟಿಗೆ ಏಳು ದಿನ ನೀರುಣಿಸಿದ ಮೇಲೆಯೇ ನೆಟ್. ಮೂರನೇ ದಿನ ಅವಸರಪಟ್ಟು ಎಳೆದು ಕಟ್ಟಿದ ಒಂದು ಕಂಬ ಒಳಕ್ಕೆ ವಾಲಿತು, ಮತ್ತೆ ಅಗೆಯಬೇಕಾಯಿತು. ಕಂಬ ತೆಗೆದಾಗ ಪೈಪಿನ ಬಾಯಿಗೆ ಮುಚ್ಚಳ ಬೇಕೇ ಬೇಕು, ಕಂಬದ ಬುಡಕ್ಕೆ ಗ್ರೀಸ್ ಕೂಡ.

ಗೆರೆಗೆ ಸುಣ್ಣ ಹಾಕಿದರೆ ಕಣ್ಣುರಿ. 5 ಸೆಂ.ಮೀ. ಅಗಲದ ನವಾರ ಪಟ್ಟಿ (ಮಂಚಕ್ಕೆ ಹೆಣೆಯುವ ದಪ್ಪ ನೂಲಿನ ಪಟ್ಟಿ) ಒಟ್ಟು 81 ಮೀಟರ್ ಸಾಕು. ಮೂಲೆಗೆ ಮೊಳೆ ಬೇಡ, ಮರದ ಗೂಟ ಪೂರ್ತಿ ಹೂತು ದಾರ ಕಟ್ಟಿ.

ಮುರುಂ ಮೇಲೆ ಒಳ್ಳೆಯ ಚೆಂಡು ಬೇಗ ಸವೆಯುತ್ತದೆ. ಅಭ್ಯಾಸಕ್ಕೆ ರಬ್ಬರಿನದು ಎರಡು, ಪಂದ್ಯಕ್ಕೆ ಬೇರೆ ಒಂದು. ಗಾಳಿ ಹೊಡೆಯುವ ಸೂಜಿ ಒದ್ದೆ ಮಾಡದೆ ಚುಚ್ಚಿದರೆ ವಾಲ್ವ್ ಹರಿಯುತ್ತದೆ. ಚೆಂಡು, ನೆಟ್, ಪಂಪು ಎಲ್ಲ ಅಂಕಣದ ಪೆಟ್ಟಿಗೆಯಲ್ಲೇ. ಯಾರ ಮನೆಗೂ ಹೋಗಬಾರದು.

ಸಂಜೆ ಐದರಿಂದ ಆರು ಹುಡುಗಿಯರದ್ದೇ ಹೊತ್ತು. ಹುಡುಗರನ್ನು ಮೊದಲು ಬಿಟ್ಟರೆ ಅವರು ಏಳುವುದೇ ಇಲ್ಲ, ಅಷ್ಟರಲ್ಲಿ ಕತ್ತಲಾಗುತ್ತದೆ. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಹಾಜರಿ ಕಡಿಮೆಯಾದರೆ ಹೆಸರು ಹೊಡೆದುಹಾಕುವುದಿಲ್ಲ. ತಾಲ್ಲೂಕು ಪಂದ್ಯಕ್ಕೆ ಹೋಗುವಾಗ ಹುಡುಗಿಯರ ತಂಡವೇ ಅಗ್ಗ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸಾಮಾನ್ಯ ಬಸ್ಸು ಉಚಿತ. ಎಲ್ಲರ ಆಧಾರ್, ಜನನ ಪ್ರಮಾಣಪತ್ರದ ಎರಡೆರಡು ಜೆರಾಕ್ಸ್ ಒಂದೇ ಫೈಲಿನಲ್ಲಿ, ಚೆಂಡಿನ ಪೆಟ್ಟಿಗೆಯ ಜೊತೆಗೇ ಇರುತ್ತವೆ.