ಸಂಧಿವಾತ ಇದೆಯೇ? ಡಾಕ್ಟರಿಗೆ ಪಾದವನ್ನೂ ತೋರಿಸಿ

ಬೆಳಿಗ್ಗೆ ಮಂಚದಿಂದ ಇಳಿದರೆ ಜಲ್ಲಿಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಉಡುಪಿಯ ನನ್ನ ಚಿಕ್ಕಮ್ಮ ಇದಕ್ಕೆ ಚಪ್ಪಲಿಯನ್ನೇ ಬೈಯುತ್ತಿದ್ದರು. ಡಾಕ್ಟರಿಗೆ ಊದಿದ ಕೈಬೆರಳು ತೋರಿಸಿದ್ದೇ ತೋರಿಸಿದ್ದು, ಸೀರೆಯ ಅಂಚಿನಡಿಯ ಪಾದ ಮಾತ್ರ ಹೊರಗೆ ಬರಲೇ ಇಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಗಂಟುಗಳ ಒಳಪೊರೆಯ ಮೇಲೆ ಬೀಳುತ್ತದೆ. ಕೈಯಂತೆ ಪಾದದ ಸಣ್ಣ ಗಂಟುಗಳೂ ಅದಕ್ಕೆ ಸಿಗುತ್ತವೆ. ಕೆಲವರಿಗೆ ನೋವು ಶುರುವಾಗುವುದೇ ಪಾದದಿಂದ.

ಮೊದಲ ಕೆಲಸ, ದಿನಾ ನೋಡುವುದು. ರಾತ್ರಿ ಕಾಲು ತೊಳೆದು, ಬೈರಾಸಿನಿಂದ ಬೆರಳ ಸಂದುಗಳನ್ನು ಒತ್ತಿ ಒರೆಸಿ. ಬಗ್ಗಲು ಆಗದಿದ್ದರೆ ನೆಲದಲ್ಲಿ ಕನ್ನಡಿ ಇಟ್ಟು ಅಡಿಪಾದ ನೋಡಿ. ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ವಾಲಿದೆಯೇ? ಬೆರಳುಗಳು ಕೊಕ್ಕೆಯಂತೆ ಬಾಗಿ ಚಪ್ಪಲಿಗೆ ಉಜ್ಜುತ್ತಿವೆಯೇ? ಪಾದ ಚಪ್ಪಟೆಯಾಗುತ್ತಿದೆಯೇ? ನಮ್ಮ ಜೂನ್–ಜುಲೈ ಮಳೆಯಲ್ಲಿ ಇದು ಇನ್ನೂ ಮುಖ್ಯ. ಈ ರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಸೋಂಕಿನ ಅಪಾಯ ಜಾಸ್ತಿ. ಆಣಿಯನ್ನು ಬ್ಲೇಡಿನಿಂದ ಕೆತ್ತಲೇಬೇಡಿ. ಅಂಗಡಿಯ ಆಣಿಪಟ್ಟಿಯೂ ಬೇಡ, ಅದರ ಆಮ್ಲ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ.

ಇನ್ನು ಚಪ್ಪಲಿ. ಮಂಗಳೂರಿನ ಹಂಪನಕಟ್ಟೆಗೆ ಖರೀದಿಗೆ ಹೋಗುವುದಾದರೆ ಸಂಜೆ ಹೋಗಿ, ಆಗ ಪಾದ ಊದಿರುತ್ತದೆ. ಮನೆಯಲ್ಲೇ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಸಿ, ಒಯ್ಯಿರಿ. ಚಪ್ಪಲಿಯ ಅಟ್ಟೆ ಆ ಗೆರೆಗಿಂತ ಸಣ್ಣದಾದರೆ ಎಷ್ಟು ಚಂದವಿದ್ದರೂ ವಾಪಸ್ ಇಡಿ. ಮುಂಭಾಗ ಅಗಲ, ಹಿಮ್ಮಡಿಗೆ ಪಟ್ಟಿ, ಸಡಿಲ-ಬಿಗಿ ಮಾಡಲು ವೆಲ್ಕ್ರೊ ಇರಬೇಕು. ಒಳಗೆ ಎಂಸಿಆರ್ ಎಂಬ ಮೆದು ರಬ್ಬರಿನ ಮೆತ್ತೆ ಇದ್ದರೆ ಒಳ್ಳೆಯದು. ಹವಾಯಿ ಚಪ್ಪಲಿ ಹಗುರ, ನಿಜ. ಆದರೆ ಅದು ಜಾರದಂತೆ ಬೆರಳು ಬಿಗಿಹಿಡಿದೇ ನಡೆಯಬೇಕಲ್ವಾ? ಬೆರಳ ಬುಡದ ನೋವಿಗೆ ಪ್ಯಾಡ್ ಹಾಕುವವರು ನೋವಿನ ಜಾಗಕ್ಕೇ ಇಡುತ್ತಾರೆ. ಅದು ತಪ್ಪು. ನೋವಿಗಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ ಇರಬೇಕು.

ಮನೆಯೊಳಗೂ ಒಂದು ಜೊತೆ ಬೇಕು. "ಒಳಗೆ ಚಪ್ಪಲಿಯಾ?" ಅಂತ ಅತ್ತೆ ಹುಬ್ಬೇರಿಸಬಹುದು. ಒಳಗಿಗೇ ಬೇರೆ ಜೊತೆ ಇಟ್ಟರೆ ಮಡಿಗೂ ತೊಂದರೆಯಿಲ್ಲ. ಅಂಗಳಕ್ಕೆ ಅದೇ ಜೊತೆ ಬೇಡ, ಪಾಚಿಯಲ್ಲಿ ಜಾರುತ್ತದೆ. ಕೃಷ್ಣಮಠಕ್ಕೆ ಬರಿಗಾಲಲ್ಲಿ ಹೋಗುವವರು ನೆಲ ಸುಡದ ಹೊತ್ತು ನೋಡಿಕೊಳ್ಳಿ. ಪಾದ ಜೋಮು ಹಿಡಿದಿದ್ದರೆ ಬೊಬ್ಬೆ ಎದ್ದದ್ದೂ ಗೊತ್ತಾಗುವುದಿಲ್ಲ.

ಬೆಳಗಿನ ಬಿಗಿತಕ್ಕೆ ಉಗುರು ಬೆಚ್ಚಗಿನ ನೀರು. ಗಂಟು ಬಿಸಿಯಾಗಿ ಊದಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್, 10 ನಿಮಿಷ. ಊತ ಇಳಿದ ದಿನಗಳಲ್ಲಿ ಮಂಚದಲ್ಲೇ ಕೂತು ಪಾದವನ್ನು ಮೇಲೆ-ಕೆಳಗೆ ಆಡಿಸಿ.

ಆದರೆ ಚಪ್ಪಲಿ, ಐಸು ರೋಗವನ್ನು ತಡೆಯುವುದಿಲ್ಲ, ಮಾತ್ರೆ ತಡೆಯುತ್ತದೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ನೋವು ಕಡಿಮೆಯಾಯಿತೆಂದು ಸುಮ್ನೆ ನಿಲ್ಲಿಸಲೂಬಾರದು. ಒಂದೇ ಗಂಟು ದಿಢೀರನೆ ಕೆಂಪಾಗಿ ಜ್ವರ ಬಂದರೆ, ಗಾಯ ಕೀವಾದರೆ, ಪಾದದ ತುದಿ ಎತ್ತಲಾಗದೆ ಎಳೆಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಹಳೇ ಚಪ್ಪಲಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಚಿಕ್ಕಮ್ಮನ ಚಪ್ಪಲಿ ಒಳಬದಿಯಲ್ಲಿ ಮಾತ್ರ ಸವೆದಿತ್ತು. ಅದನ್ನು ನೋಡಿಯೇ ಡಾಕ್ಟರು, "ಸ್ವಲ್ಪ ಪಾದ ತೋರಿಸಿ ಅಮ್ಮ" ಅಂದದ್ದು.