ಟ್ರಿಪ್ ಫೈಟರ್ ಕೊನೆಗೂ ಗೆದ್ದ: ನನ್ನ ಅನುಭವ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಟ್ರಿಪ್ (ಎದುರಾಳಿಯನ್ನು ಕಾಲೆಳೆದು ಬೀಳಿಸುವುದು) ಮೇಲೆಯೇ ನಿಲ್ಲುವ ಫೈಟರ್, ಅಂದರೆ ಯೋಧನ ಪಾತ್ರ, ಕಟ್ಟುತ್ತೇನೆ ಅಂದಾಗ ನಮ್ಮ ಟೇಬಲ್‌ನಲ್ಲಿ ಯಾರೂ ಒಪ್ಪಲಿಲ್ಲ. ‘ಎರಡು ಸಲ ಡೈಸ್ ಉರುಳಿಸಿ ಗೆದ್ದರೂ ಡ್ಯಾಮೇಜ್ ಸೊನ್ನೆ. ಸುಮ್ನೆ ಗ್ರೇಟ್‌ಸೋರ್ಡ್ ಬೀಸು’ ಅಂದರು. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಕೂಡ ಅದನ್ನೇ ಹೇಳಿದ. ಈಗ ಅದೇ ಡಿಎಂ ನನ್ನ ಫೈಟರ್ ಮುಂದೆ ಓಗರ್ ಎಂಬ ದೈತ್ಯನನ್ನು ಇಡುವ ಮೊದಲು ಯೋಚನೆ ಮಾಡುತ್ತಾನೆ.

ನಾವು ಕೂಡುವುದು ಬೆಳಗಾವಿಯ ಟಿಳಕವಾಡಿಯಲ್ಲಿ. ಆಡುವುದು ಇನ್ನೂ ಆಟದ ಹಳೆಯ 3.5 ಆವೃತ್ತಿ. ಅದರ ಎಸ್‌ಆರ್‌ಡಿ (ನಿಯಮಗಳ ಕಡತ) ಪುಕ್ಕಟೆ ಸಿಗುತ್ತದೆ, ಯುದ್ಧದ ಭಾಗದ ಝೆರಾಕ್ಸ್‌ಗೆ ನೂರೈವತ್ತು ರೂಪಾಯಿ ಆಗಿರಬೇಕು. ಡೈಸ್ ಸೆಟ್ ಕೊರಿಯರ್ ಸೇರಿ ಆರುನೂರರ ಹತ್ತಿರ ಬಿತ್ತು, ಎರಡು ತಿಂಗಳಲ್ಲಿ ಅಂಕಿಗಳ ಬಣ್ಣ ಹೋಯಿತು. ಮಾರಿದವರು ಫೋನ್ ಎತ್ತಲೇ ಇಲ್ಲ. ಆ ಸಿಟ್ಟು ಇನ್ನೂ ಇದೆ.

ಮೊದಲ ಫೈಟರ್‌ಗೆ ಹೆವಿ ಫ್ಲೇಲ್ (ಸರಪಳಿಗೆ ಗುಂಡು ಕಟ್ಟಿದ ಆಯುಧ) ಕೊಟ್ಟಿದ್ದೆ, ಆಟದ 15 ಚಿನ್ನದ ನಾಣ್ಯ. ಅದರಲ್ಲಿ ಟ್ರಿಪ್ ಮಾಡಬಹುದು, ಎದುರಾಳಿಗೆ ಅಟ್ಯಾಕ್ ಆಫ್ ಆಪರ್ಚುನಿಟಿಯೂ (ಎಒಒ, ಎದುರಿನವನು ಮೈಮರೆತಾಗ ಸಿಗುವ ಪುಕ್ಕಟೆ ಹೊಡೆತ) ಸಿಗುವುದಿಲ್ಲ. ಆದರೆ ಸ್ಟ್ರೆಂತ್ ಚೆಕ್ (ಇಬ್ಬರೂ ಡೈಸ್ ಉರುಳಿಸಿ ಬಲದ ಅಂಕ ಕೂಡಿಸುವ ಪಂದ್ಯ) ಸೋತರೆ ಎದುರಾಳಿ ತಿರುಗಿ ನಮ್ಮನ್ನೇ ಬೀಳಿಸಲು ನೋಡುತ್ತಾನೆ. ತಪ್ಪಿಸಿಕೊಳ್ಳಬೇಕೆಂದರೆ ಆಯುಧ ಕೈಬಿಡಬೇಕು. ಅರ್ಧ ಯುದ್ಧ ಬಗ್ಗಿ ಫ್ಲೇಲ್ ಎತ್ತುವುದರಲ್ಲೇ ಕಳೆಯಿತು. ತೋಳಗಳ ಮುಂದೆ ಇನ್ನೂ ಕಷ್ಟ. ನಾಲ್ಕು ಕಾಲಿದ್ದವಕ್ಕೆ ಆ ಚೆಕ್‌ನಲ್ಲಿ +4.

ಆಮೇಲೆ ಚಾವಟಿ ಹಿಡಿದು ನೋಡಿದೆ. ಬೆಲೆ ಒಂದೇ ನಾಣ್ಯ, ರೀಚ್ (ಹೊಡೆತ ತಲುಪುವ ದೂರ) 15 ಅಡಿ. ಆದರೆ ಚಾವಟಿ ಹಿಡಿದವನು ನಕ್ಷೆಯ ಯಾವ ಚೌಕವನ್ನೂ ಥ್ರೆಟನ್ ಮಾಡುವುದಿಲ್ಲ. ಎದುರಾಳಿ ನಮ್ಮ ಮುಂದೆಯೇ ನಡೆದು ಹೋದರೂ ಎಒಒ ಇಲ್ಲ. ರಕ್ಷಾಕವಚ ಹಾಕಿದವನಿಗೆ ಪೆಟ್ಟೂ ತಾಗುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ಕೆಲಸ ಕೊಟ್ಟದ್ದು ಗೈಸಾರ್ಮ್ (ಕೊಕ್ಕೆಯಿರುವ ಉದ್ದ ಹಿಡಿಯ ಆಯುಧ). 9 ನಾಣ್ಯ, ಫೈಟರ್‌ಗೆ ಬರುವ ಮಾರ್ಷಿಯಲ್ ಆಯುಧ, ಬೇರೆ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಕೌಶಲ) ಬೇಡ. ಎಲ್ಲರೂ ಸ್ಪೈಕ್ಡ್ ಚೈನ್ (ಮುಳ್ಳಿನ ಸರಪಳಿ) ಹಿಂದೆ ಬೀಳುತ್ತಾರೆ. ಅದಕ್ಕೆ ಒಂದು ಫೀಟ್ ಸುಟ್ಟುಹೋಗುತ್ತದೆ, ಅದೂ ಮೊದಲ ಲೆವೆಲ್‌ನಲ್ಲಿ. ನನಗೆ ಆ ಫೀಟ್ ಬೇಕಿತ್ತು. ಮನುಷ್ಯ ಫೈಟರ್‌ಗೆ ಮೊದಲ ಲೆವೆಲ್‌ನಲ್ಲೇ ಮೂರು ಫೀಟ್ ಅಲ್ವಾ? ಕಾಂಬ್ಯಾಟ್ ಎಕ್ಸ್‌ಪರ್ಟೈಸ್, ಇಂಪ್ರೂವ್ಡ್ ಟ್ರಿಪ್, ಕಾಂಬ್ಯಾಟ್ ರಿಫ್ಲೆಕ್ಸಸ್. ಇಂಟೆಲಿಜೆನ್ಸ್ 13 ಇಡಬೇಕು, ಅದಕ್ಕೂ ಟೇಬಲ್‌ನವರು ನಕ್ಕರು. ಸ್ಕೇಲ್ ಮೇಲ್ ಕವಚ 50, ಅತಿ ಕಡಿಮೆ ಶಕ್ತಿಯ ಎನ್‌ಲಾರ್ಜ್ ಪರ್ಸನ್ ಪೋಷನ್ (ಕುಡಿದವನನ್ನು ದೊಡ್ಡದು ಮಾಡುವ ಮದ್ದು) ಒಂದಕ್ಕೆ 50. ಗೈಸಾರ್ಮ್ ಸೇರಿ 109. ಕೈಯಲ್ಲಿ 150 ಇದ್ದವನಿಗೆ ಇನ್ನೂ ಹಗ್ಗ, ಪಂಜಿಗೆ ಉಳಿಯಿತು.

ನಿಜವಾದ ಲೆಕ್ಕ ಇರುವುದು ಆ ಪೋಷನ್‌ನಲ್ಲಿ. ಓಗರ್‌ಗೆ ಸ್ಟ್ರೆಂತ್ 21, ಅಂದರೆ +5. ಗಾತ್ರಕ್ಕೆ +4. ಒಟ್ಟು +9. ನನ್ನವನ ಸ್ಟ್ರೆಂತ್ 16, ಬರೀ +3. ನೂರು ಸಲ ಎಳೆದರೆ ಇಪ್ಪತ್ತಮೂರು ಸಲ ಬೀಳಬಹುದು. ಇಂಪ್ರೂವ್ಡ್ ಟ್ರಿಪ್ ಸೇರಿದರೆ +7, ಮೂವತ್ತೆಂಟರ ಹತ್ತಿರ. ಪೋಷನ್ ಕುಡಿದರೆ ಸ್ಟ್ರೆಂತ್ 18, ಅಂದರೆ +4, ಗಾತ್ರಕ್ಕೆ ಇನ್ನೊಂದು +4, ಒಟ್ಟು +12. ಈಗ ಮೂರಕ್ಕೆ ಎರಡು ಸಲ ಓಗರ್ ನೆಲದ ಮೇಲೆ. ಅದಕ್ಕೂ ಮೊದಲು ಬೇಕಾದ ಟಚ್ ಅಟ್ಯಾಕ್ (ಮೈ ಮುಟ್ಟಿದರೆ ಸಾಕಾದ ದಾಳಿ) ಲೆಕ್ಕಕ್ಕೇ ಇಲ್ಲ, ಅದರ ಟಚ್ ಎಸಿ (ಮುಟ್ಟಲಿಕ್ಕೆ ಎದುರಾಗುವ ರಕ್ಷಣೆಯ ಅಂಕ) ಬರೀ 8.

ದೊಡ್ಡದಾದ ಮೇಲೆ ಗೈಸಾರ್ಮ್ ರೀಚ್ 20 ಅಡಿ. ಕುಂದಾ ಡಬ್ಬಿಯ ರಟ್ಟು ಕತ್ತರಿಸಿ ನಾಲ್ಕು ಚೌಕದ ತುಂಡು ಮಾಡಿಕೊಂಡಿದ್ದೇನೆ, ನನ್ನವನು ದೊಡ್ಡದಾದಾಗ ನಕ್ಷೆ ಮೇಲೆ ಅದನ್ನು ಇಡುತ್ತೇನೆ. ಓಗರ್ ರೀಚ್ 10 ಅಡಿ. ಅದು ಹತ್ತಿರ ಬರಲು ನನ್ನ ಚೌಕಗಳನ್ನು ದಾಟಲೇಬೇಕು. ದಾಟುವಾಗ ಎಒಒ, ಆ ಎಒಒದಲ್ಲೇ ಟ್ರಿಪ್. ಬಿದ್ದರೆ ಇಂಪ್ರೂವ್ಡ್ ಟ್ರಿಪ್ ಕೊಡುವ ಇನ್ನೊಂದು ಹೊಡೆತ, +4 ಸಮೇತ. ಅದು ಬಿದ್ದಿರುವ ಜಾಗದಿಂದ ನನ್ನನ್ನು ಮುಟ್ಟಲಾರದು. ಮಲಗಿಕೊಂಡು ಜಾವೆಲಿನ್ ಎಸೆಯುವ ಹಾಗೂ ಇಲ್ಲ. ಉಳಿದ ಆಕ್ಷನ್ ಖರ್ಚು ಮಾಡಿ ಏಳುತ್ತದೆ. ಏಳುವಾಗ ಮತ್ತೊಂದು ಎಒಒ. ಓಗರ್‌ನ ಪೂರ್ತಿ ಸುತ್ತು ಹೋಯಿತು, ಎರಡು ಪೆಟ್ಟೂ ತಿಂದಿತು. ಡ್ಯಾಮೇಜ್ ಸೊನ್ನೆ ಅಂದವರು ಈ ಸುತ್ತನ್ನು ಲೆಕ್ಕ ಹಿಡಿದಿರಲಿಲ್ಲ.

ಡೆಕ್ಸ್ (ಚುರುಕುತನ) 14 ಇದ್ದರೆ ಪೋಷನ್ ಕುಡಿದಾಗ 12 ಆಗುತ್ತದೆ. ಕಾಂಬ್ಯಾಟ್ ರಿಫ್ಲೆಕ್ಸಸ್ ಇದ್ದರೂ ಒಂದು ಸುತ್ತಿನಲ್ಲಿ ಎರಡೇ ಎಒಒ. ಒಂದು ಓಗರ್‌ಗೆ ಅಷ್ಟು ಸಾಕು, ಎರಡು ಬಂದರೆ ಸಾಲದು. ಇನ್ನೊಂದು ಮಾತು: ಏಳುವಾಗ ಸಿಗುವ ಎಒಒದಲ್ಲಿ ಮತ್ತೆ ಟ್ರಿಪ್ ಮಾಡಲು ಹೋಗಬೇಡಿ. ಆ ಹೊಡೆತ ಅದು ಏಳುವ ಮೊದಲೇ ಆಗುತ್ತದೆ, ಆಗ ಅದು ಇನ್ನೂ ನೆಲದ ಮೇಲೆಯೇ ಇರುತ್ತದೆ. ನೇರ ಹೊಡೆಯಿರಿ. ಗೈಸಾರ್ಮ್ ದಾಟಿ ಒಳಗೆ ನುಗ್ಗಿದವನಿಗೆ ನಾನು ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮ ಡಿಎಂ ಇದನ್ನು ಓದುತ್ತಾನೆ.

ವಿಜಯಪುರದ ಗೆಳೆಯರು ಐದನೇ ಆವೃತ್ತಿ ಆಡುತ್ತಾರೆ, 2014ರದ್ದು. ಅಲ್ಲಿಗೆ ಹೋದಾಗ ಇದನ್ನೇ ಮಾಡಿ ನೋಡಿದೆ. ಏಳಲು ಅರ್ಧ ನಡಿಗೆ ಸಾಕು, ಎಒಒ ಇಲ್ಲವೇ ಇಲ್ಲ. ಬೀಳಿಸಿದರೆ ಮುಂದಿನ ಕ್ಷಣ ಎದ್ದು ನಿಲ್ಲುತ್ತಾರೆ. ಅಲ್ಲಿ ಮೊದಲು ಗ್ರ್ಯಾಪಲ್ ಮಾಡಬೇಕು (ಹಿಡಿದುಕೊಳ್ಳಬೇಕು), ಆಮೇಲೆ ಷವ್ ಮಾಡಿ (ನೂಕಿ) ಬೀಳಿಸಬೇಕು. ಹಿಡಿತದಲ್ಲಿ ವೇಗ ಸೊನ್ನೆ, ಏಳಲು ಬೇಕಾದ ಅರ್ಧವೂ ಇರುವುದಿಲ್ಲ. ಇದು ಚೆನ್ನಾಗಿ ನಡೆಯಿತು.

ಒಂದು ಜಗಳ ಮಾತ್ರ ಎರಡೂ ಊರಲ್ಲಿ ಆಯಿತು, ಬಿಲ್ಲುಗಾರರ ಜೊತೆ. 3.5ರಲ್ಲಿ ಬಿದ್ದವನಿಗೆ ಬಾಣದ ವಿರುದ್ಧ ಎಸಿ +4 ಜಾಸ್ತಿ, ಐದರಲ್ಲಿ ದೂರದ ಬಾಣಕ್ಕೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದೇ ಲೆಕ್ಕ). ನಮ್ಮ ಟೇಬಲ್‌ನಲ್ಲಿ ಈಗ ಒಪ್ಪಂದ ಆಗಿದೆ. ಮೊದಲು ಅವನ ಬಾಣ, ಆಮೇಲೆ ನನ್ನ ಗೈಸಾರ್ಮ್.